ಬೂದಿ ಮುಚ್ಚಿದ ಕೆಂಡ, ನಿದ್ದೆ ಬಿಟ್ಟ ಗಂಡ

ರಾತ್ರಿ ಎರಡೂವರೆ. ಹಿತ್ತಲಿನಲ್ಲಿ ನಿಂತಿದ್ದೇನೆ. ಬಲಗಾಲಿಗೆ ನನ್ನ ಚಪ್ಪಲಿ, ಎಡಗಾಲಿಗೆ ಹೆಂಡತಿಯದ್ದು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಹಳೇ ನೋಟ್‌ಬುಕ್ಕಿನ ರಟ್ಟು. ಬಗ್ಗಿ ಸ್ಮೋಕರಿನ, ಅಂದರೆ ಕೆಂಡದ ಹೊಗೆಯಲ್ಲಿ ಮಾಂಸ ಬೇಯಿಸುವ ಮುಚ್ಚಳದ ಒಲೆಯ, ಗಾಳಿಕಿಂಡಿಗೆ ಬೀಸುತ್ತಿದ್ದೇನೆ. ಒಳಗಿರುವ ನಾಲ್ಕು ಕಿಲೋ ಹಂದಿಮಾಂಸಕ್ಕೆ ಬಿಸಿ ಬೇಕು. ಬಿಸಿಗೆ ಕೆಂಡ ಬೇಕು. ಕೆಂಡಕ್ಕೆ ಗಾಳಿ ಬೇಕು. ನನಗೆ ನಿದ್ದೆ ಬೇಕು. ಯಾರಿಗೂ ಏನೂ ಸಿಗುತ್ತಿಲ್ಲ.

ತಮಾಷೆ ಏನೆಂದರೆ, ನಾನು ಈ ಹುಚ್ಚಿಗೆ ಬಿದ್ದಿದ್ದೇ ನಿದ್ದೆಯ ಆಸೆಗೆ. ಸಂಜೆ ಕೆಂಡ ಮಾಡು, ಮಾಂಸ ಇಡು, ಮುಚ್ಚಳ ಮುಚ್ಚು, ಹೋಗಿ ಮಲಗು. 110ರಿಂದ 120 ಡಿಗ್ರಿ ಸೆಲ್ಸಿಯಸ್ಸಿನ ಸಣ್ಣ ಬಿಸಿಯಲ್ಲಿ ಅದು ಹತ್ತು ಹನ್ನೆರಡು ಗಂಟೆ ತನ್ನ ಪಾಡಿಗೆ ತಾನು ಬೇಯುತ್ತದೆ. ಬೆಳಗ್ಗೆ ಎದ್ದರೆ ಮುಟ್ಟಿದ ಕಡೆ ಎಳೆ ಎಳೆಯಾಗಿ ಬಿಡುವ ಮಾಂಸ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಮೊದಲ ಸಲ ಕಟ್ಟಿಗೆ ಇದ್ದಿಲು ಹಾಕಿದೆ. ಶುದ್ಧ ಇದ್ದಿಲು, ಕಲಬೆರಕೆ ಇಲ್ಲ ಎಂಬ ಹೆಮ್ಮೆ ಬೇರೆ. ಆದರೆ ಚೀಲದೊಳಗೆ ಒಂದು ತುಂಡು ಅಂಗೈ ಅಗಲ, ಪಕ್ಕದ್ದು ಗೋಲಿಯಷ್ಟು. ಸಣ್ಣವೆಲ್ಲ ಧಗ್ಗೆಂದು ಹೊತ್ತಿಕೊಂಡು ಬಿಸಿ 160ಕ್ಕೆ ಹಾರಿತು. ಗಾಬರಿಯಾಗಿ ಕಿಂಡಿ ಮುಚ್ಚಿದೆ. 80ಕ್ಕೆ ಬಿತ್ತು. ತೆರೆದೆ, ಏರಿತು. ಬೆಳಗಿನವರೆಗೂ ಇದೇ ಆಟ. ಕಟ್ಟಿಗೆ ಇದ್ದಿಲು ಕೆಟ್ಟದ್ದೇನಲ್ಲ, ಜೋರು ಉರಿಯಲ್ಲಿ ಬೇಗ ಸುಡುವುದಕ್ಕೆ ಅದೇ ಸರಿ. ಮಲಗುವವರಿಗೆ ಆಗಿಬರುವುದಿಲ್ಲ, ಅಷ್ಟೇ.

ಹಾಗಾಗಿ ಬ್ರಿಕೆಟ್ಟಿಗೆ ಬಂದೆ. ಇದ್ದಿಲಿನ ಪುಡಿಗೆ ಪಿಷ್ಟದ ಅಂಟು ಕಲಸಿ ಪುಟ್ಟ ದಿಂಬಿನ ಹಾಗೆ ಒತ್ತಿದ ಬಿಲ್ಲೆ. 1897ರಲ್ಲೇ ಅಮೆರಿಕದ ಎಲ್ಸ್‌ವರ್ತ್ ಜ್ವೋಯರ್ ಇದಕ್ಕೆ ಪೇಟೆಂಟ್ ಪಡೆದಿದ್ದರು. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ಕಾರು ತಯಾರಿಕೆಯಲ್ಲಿ ಮಿಕ್ಕ ಮರದ ಚೂರನ್ನೆಲ್ಲ ಹೀಗೆ ಬಿಲ್ಲೆ ಮಾಡಿಸಿ ಮಾರಿದರು. ಒಂದೇ ಅಳತೆಯ ಬಿಲ್ಲೆಗಳು, ಒಂದೇ ಹದದ ಬಿಸಿ. ಇವನ್ನು ಹಚ್ಚುವುದಕ್ಕೂ ಸೋಮಾರಿಗಳಿಗೆ ಹೇಳಿ ಮಾಡಿಸಿದಂಥ ಒಂದು ದಾರಿ ಇದೆ, ಮಿನಿಯನ್ ವಿಧಾನ ಅನ್ನುತ್ತಾರೆ. ಹೊತ್ತಿಸದ ಬಿಲ್ಲೆಗಳನ್ನು ರಾಶಿ ಸುರಿದು, ಮೇಲೆ ಹತ್ತಿಪ್ಪತ್ತು ಕೆಂಡ ಇಟ್ಟರೆ ಆಯ್ತು. ಬೆಂಕಿ ರಾತ್ರಿಯಿಡೀ ನಿಧಾನಕ್ಕೆ ಒಂದರಿಂದ ಒಂದಕ್ಕೆ ಇಳಿಯುತ್ತಾ ಹೋಗುತ್ತದೆ.

ಇಷ್ಟು ಓದಿಕೊಂಡು ಹೋದವನು ಅಂಗಡಿಯಲ್ಲಿ ಎತ್ತಿಕೊಂಡಿದ್ದು ಯಾವ ಚೀಲ? ‘ಕಡ್ಡಿ ಗೀರಿದರೆ ಸಾಕು, ತಾನೇ ಹೊತ್ತುತ್ತದೆ’ ಎಂದು ಬರೆದಿದ್ದ ಚೀಲ. ನನ್ನಂಥವನಿಗೇ ಮಾಡಿದ್ದಾರೆ ಅಂದುಕೊಂಡೆ. ತಾನೇ ಹೊತ್ತಬೇಕಾದರೆ ಅದರೊಳಗೆ ಬೆಂಕಿ ಹಚ್ಚುವ ಎಣ್ಣೆ ಕುಡಿಸಿರುತ್ತಾರೆ ಎಂದು ಹೊಳೆಯಲಿಲ್ಲ. ಎಲ್ಲವನ್ನೂ ಒಟ್ಟಿಗೆ ಹಚ್ಚಿ, ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಅಡುಗೆಗಿಟ್ಟರೆ ಆ ಎಣ್ಣೆ ಉರಿದು ಹೋಗಿರುತ್ತದೆ. ನಾನು ಮಾಡಿದ್ದು ಉಲ್ಟಾ. ಗಂಟೆಗೊಂದಿಷ್ಟು ಹೊಸ ಬಿಲ್ಲೆ ಹೊತ್ತುತ್ತಾ, ತನ್ನ ಎಣ್ಣೆಯನ್ನು ಮಾಂಸಕ್ಕೆ ಧಾರಾಳವಾಗಿ ಕೊಡುತ್ತಾ ಬಂತು. ನಾನು ಮಾತ್ರ ಅವತ್ತು ಗೊರಕೆ ಹೊಡೆದು ಮಲಗಿದ್ದೆ.

ಬೆಳಗ್ಗೆ ಹೆಂಡತಿ ಒಂದು ಎಳೆ ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದಳು.

“ರೀ, ಇದಕ್ಕೆ ಏನು ಹಾಕಿದ್ದೀರಿ?”

“ಏನಿಲ್ಲ, ಬರೀ ಹೊಗೆ.”

“ಯಾವ ಗಾಡಿಯದ್ದು?”

ಮೂರನೇ ಸಲ ಎಣ್ಣೆ ಇಲ್ಲದ ಚೀಲವನ್ನೇ ಹುಡುಕಿ ತಂದೆ. ಅಗ್ಗದ್ದು, ತೂಕವೂ ಜಾಸ್ತಿ. ಅದರ ಫಲವೇ ಮೊದಲು ಹೇಳಿದ ಎರಡೂವರೆ ಗಂಟೆ. ಇದ್ದಿಲಿನ ಜೊತೆ ಸುಣ್ಣದಕಲ್ಲಿನ ಪುಡಿಯಂಥದ್ದನ್ನೂ ಸೇರಿಸಿರುತ್ತಾರೆ, ಬೂದಿ ಬೆಳ್ಳಗೆ ಬರಲಿ ಅಂತ. ಕಲ್ಲು ಉರಿಯುವುದಿಲ್ಲವಲ್ಲ, ಬೂದಿಯಲ್ಲೇ ಉಳಿಯುತ್ತದೆ. ಒಂದೆರಡು ಗಂಟೆಯ ಅಡುಗೆಗಾದರೆ ಯಾರಿಗೂ ಗೊತ್ತಾಗುವುದಿಲ್ಲ. ಹನ್ನೆರಡು ಗಂಟೆಯ ಆಟದಲ್ಲಿ ಬೂದಿ ಬೆಳೆದು ಬೆಳೆದು ಕೆಳಗಿನ ಕಿಂಡಿಯನ್ನು ಮುಚ್ಚಿಬಿಡುತ್ತದೆ. ಕೆಂಡ ಉಸಿರುಗಟ್ಟಿ ಸಾಯುತ್ತದೆ. ರಟ್ಟಿನಲ್ಲಿ ಬೀಸಿದರೆ ಬೂದಿಯೆಲ್ಲ ಎದ್ದು ಮಾಂಸದ ಮೇಲೆ ಕೂತು, ಅದು ಮುಖಕ್ಕೆ ಪೌಡರ್ ಬಳಿದುಕೊಂಡು ಮದುವೆಗೆ ಹೊರಟ ಹಾಗೆ ಕಾಣುತ್ತದೆ. ಸಾಲದ್ದಕ್ಕೆ ಮಳೆಯೂ ಶುರುವಾಯ್ತು. ಸ್ಮೋಕರನ್ನು ಗ್ಯಾರೇಜಿನೊಳಗೆ ಎಳೆದುಕೊಳ್ಳೋಣ ಅಂದರೆ ಹೆಂಡತಿ ಕಿಟಕಿಯಿಂದಲೇ ಬೈದಳು. ಬೈದಿದ್ದು ಸರಿ. ಇದ್ದಿಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಮಲಗಿದ ಹಾಗೇ ಹೋಗುತ್ತಾರೆ. ಕೊಡೆ ಹಿಡಿದು ನಿಂತೆ.

ಇನ್ನು ಚೀಲದ ಮೇಲಿನ ಬರಹ ನಂಬುವುದಿಲ್ಲ ಎಂದು ನಾನೇ ಪರೀಕ್ಷೆಗೆ ಇಳಿದೆ. ಮೂರು ತರದ ಬಿಲ್ಲೆ ತಂದೆ. ಒಂದಕ್ಕೊಂದು ತಟ್ಟಿ ನೋಡಿದೆ. ಒಂದು ಚೀಲದ್ದು ಟಣ್ ಅಂದಿತು, ಇನ್ನೊಂದರದ್ದು ತೇವ ಕುಡಿದು ಕೈಯಲ್ಲೇ ಉದುರಿತು. ಅಡಿಯಲ್ಲಿ ಪುಡಿ ಜಾಸ್ತಿ ಇದ್ದ ಆ ಚೀಲ ಅಲ್ಲಿಗೇ ಔಟ್. ಪುಡಿ ಕೂತರೂ ಗಾಳಿ ಆಡುವುದಿಲ್ಲ. ಉಳಿದ ಎರಡರಲ್ಲಿ ಹತ್ತತ್ತು ಬಿಲ್ಲೆ ತೂಗಿ, ಬೇರೆ ಬೇರೆ ತಗಡಿನ ಡಬ್ಬದಲ್ಲಿ ಉರಿಸಿ, ಉಳಿದ ಬೂದಿ ತೂಗುವುದು ಎಂದು ಲೆಕ್ಕ ಹಾಕಿದೆ. ತೆಂಗಿನ ಚಿಪ್ಪಿನ ಬಿಲ್ಲೆಗಳು ಹೊತ್ತುವುದಕ್ಕೆ ಬಹಳ ಸತಾಯಿಸಿದವು, ಆದರೆ ಉರಿದು ಮುಗಿದಾಗ ಒಂದು ಹಿಡಿ ಬೂದಿಯೂ ಇರಲಿಲ್ಲ. ಇನ್ನೊಂದು ಡಬ್ಬದಲ್ಲಿ ಬಿಲ್ಲೆಗಳ ಆಕಾರ ಹಾಗೇ ಇತ್ತು, ಪೂರ್ತಿ ಬೂದಿ. ಎರಡು ಗಂಟೆ ಬಿಟ್ಟು ಕೈಯಾಡಿಸಿದೆ. ತಣ್ಣಗಿತ್ತು. ಹೆಂಡತಿಯ ಅಡುಗೆಮನೆ ತಕ್ಕಡಿಯ ಪ್ಲಾಸ್ಟಿಕ್ ತಟ್ಟೆಗೆ ಸುರಿದೆ.

ಬೂದಿ ಮುಚ್ಚಿದ ಕೆಂಡ ಎಂದು ಚಿಕ್ಕಂದಿನಿಂದ ಕೇಳುತ್ತಲೇ ಬೆಳೆದವನು ನಾನು. ತಟ್ಟೆಯ ನಡುವೆ ಒಂದು ಸಣ್ಣ ಗುಳಿ ಬಿತ್ತು. ಗುಳಿ ತೂತಾಯಿತು. ತೂತಿನಿಂದ ಒಂದು ಕೆಂಪು ಕಣ್ಣು ನನ್ನನ್ನೇ ನೋಡಿತು. ತಕ್ಕಡಿ ಕೊನೆಯದಾಗಿ ಯಾವುದೋ ಅಂಕಿ ತೋರಿಸಿ ಆರಿತು. ಹೆಂಡತಿ ಬಂದು ನೋಡಿದಳು. ಒಂದು ಮಾತೂ ಆಡಲಿಲ್ಲ. ಬೂದಿ ಮುಚ್ಚಿದ ಎರಡನೇ ಕೆಂಡ.

ತೂಕ ಸಿಗದಿದ್ದರೂ ಉತ್ತರ ಸಿಕ್ಕಿತ್ತಲ್ಲ. ಮುಂದಿನ ಶನಿವಾರ ಚಿಪ್ಪಿನ ಬಿಲ್ಲೆಗಳನ್ನೇ ತುಂಬಿಸಿ, ಬಿಸಿ ಹೆಚ್ಚುಕಮ್ಮಿಯಾದರೆ ಕೂಗುವ ಥರ್ಮಾಮೀಟರ್ ಸಿಕ್ಕಿಸಿ ಮಲಗಿದೆ. ಅದು ಕೂಗಲೇ ಇಲ್ಲ. ಕೂಗದಿದ್ದುದಕ್ಕೇ ನನಗೆ ಎಚ್ಚರವಾಯಿತು. ಹೋಗಿ ನೋಡಿದರೆ ಮಾಂಸದೊಳಗಿನ ಬಿಸಿ 70 ಡಿಗ್ರಿಗೆ ಬಂದು ನಿಂತಿದೆ, ಅಲುಗುತ್ತಿಲ್ಲ. ಮಾಂಸ ಬೆವರಿ ಆ ನೀರು ಆರುವಾಗ ಬಿಸಿ ಹೀಗೆ ಗಂಟೆಗಟ್ಟಲೆ ಕೂತುಬಿಡುತ್ತದೆ, ಅದು ಮಾಮೂಲಿ. ಗೊತ್ತಿದ್ದೂ ಕೆಂಡದ ಮೇಲೇ ಅನುಮಾನ. ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕೂತೆ. ಕೆಂಡ ಬೆಳಗಿನವರೆಗೂ 115 ಬಿಟ್ಟು ಕದಲಲಿಲ್ಲ. ನಾನೂ ಕದಲಲಿಲ್ಲ.

ಎಂಟು ಗಂಟೆಗೆ ಮಾಂಸ ಇಳಿಸಿ, ಸ್ವಲ್ಪ ಆರಲಿ ಎಂದು ಸೋಫಾದ ಮೇಲೆ ಒರಗಿದ್ದಷ್ಟೇ ನೆನಪು. ಎದ್ದಾಗ ಮಧ್ಯಾಹ್ನ ಮೂರು. ಅಡುಗೆಮನೆಯಲ್ಲಿ ದೊಡ್ಡ ತಟ್ಟೆ ತುಂಬಾ ಎಲುಬು. ಪಕ್ಕದಲ್ಲಿ ನಾನೇ ದಂಡ ತೆತ್ತು ತಂದಿದ್ದ ಹೊಸ ತಕ್ಕಡಿ, ಅದರ ಮೇಲೊಂದು ಪುಟ್ಟ ಬಟ್ಟಲು, ಬಟ್ಟಲಲ್ಲಿ ನನ್ನ ಪಾಲು. 85 ಗ್ರಾಂ.