ಕ್ಯಾಪ್ಚರ್ ಕಾರ್ಡ್ ಕೊಂಡರೆ ಮುಗಿಯಿತೇ?

ವಾರ್ಡಿನ ಎಂಡೋಸ್ಕೋಪಿ ಚಿತ್ರಗಳನ್ನು ಪ್ರಿಂಟರ್ ಬಿಟ್ಟು ಕಂಪ್ಯೂಟರಿಗೆ ತರಲು ಒಂದು ಕ್ಯಾಪ್ಚರ್ ಕಾರ್ಡ್ (ವಿಡಿಯೋ ಸಿಗ್ನಲನ್ನು ಕಂಪ್ಯೂಟರಿಗೆ ಸೇರಿಸುವ ಸಾಧನ) ಸಾಕು ಎಂದಿದೆ ನಾನು ಓದಿದ ಒಂದು ಲೇಖನ. ಕಾರ್ಡು ಇದರಲ್ಲಿ ಸುಲಭದ ಭಾಗ. ಸ್ಕೋಪಿನ ಚಿತ್ರ ಸಿದ್ಧಪಡಿಸುವ ಪೆಟ್ಟಿಗೆ, ಅಂದರೆ ಪ್ರೊಸೆಸರ್‌ನಲ್ಲಿ ಎಸ್‌ಡಿಐ (ಡಿಜಿಟಲ್ ವಿಡಿಯೋ) ಔಟ್‌ಪುಟ್ ಇದ್ದರೆ ಅದನ್ನೇ ಬಳಸಿ. ಅದರ ಬಿಎನ್‌ಸಿ ಕನೆಕ್ಟರ್ ತಿರುಗಿಸಿದರೆ ಲಾಕ್ ಆಗುತ್ತದೆ. ಎಚ್‌ಡಿಎಂಐ ಆದರೋ ಉಪಕರಣಗಳ ಟ್ರಾಲಿ ಸರಿಸಿದಾಗ ಕಳಚಿಕೊಳ್ಳಬಹುದು. ಹಳೆಯ ಎಸ್-ವಿಡಿಯೋ ಇಂಟರ್‌ಲೇಸ್ಡ್ ಸಿಗ್ನಲ್ (ಸಾಲು ಬಿಟ್ಟು ಸಾಲಿನಂತೆ ಎರಡು ಕಂತಿನಲ್ಲಿ ಬರುವ ಚಿತ್ರ), ಹಾಗಾಗಿ ಸ್ಕೋಪ್ (ದೇಹದೊಳಗೆ ಬಿಡುವ ಕ್ಯಾಮೆರಾ ಕೊಳವೆ) ಅಲುಗುವಾಗ ಹಿಡಿದ ಚಿತ್ರದ ಅಂಚುಗಳು ಬಾಚಣಿಗೆ ಹಲ್ಲಿನಂತೆ ಒಡೆದಿರುತ್ತವೆ. ಮೊದಲು ಚಿತ್ರ ನಿಲ್ಲಿಸುವ ಫ್ರೀಜ್ ಗುಂಡಿ ಒತ್ತಿ, ಆಮೇಲೆ ಚಿತ್ರ ಹಿಡಿಯುವ ಪೆಡಲ್ ತುಳಿಯಿರಿ.

ಕಂಪ್ಯೂಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿ ಟ್ರಾಲಿಗೆ ಕೇಬಲ್ ಎಳೆಯುವುದು ಬೇಡವೇ ಬೇಡ. ಎರಡು ಕಡೆಯ ಅರ್ಥಿಂಗ್ ಸೇರಿ ಪರದೆಯಲ್ಲಿ ಪಟ್ಟೆಗಳು ಓಡುವುದು ಸಣ್ಣ ತೊಂದರೆ. ಲೀಕೇಜ್ ಕರೆಂಟ್ (ಉಪಕರಣದಿಂದ ಸೋರುವ ವಿದ್ಯುತ್) ರೋಗಿಯ ಕಡೆ ಹರಿಯಬಹುದು ಎನ್ನುವುದು ದೊಡ್ಡದು. ಗೋಡೆಯ ವಿದ್ಯುತ್ತಿನಿಂದ ಬೇರ್ಪಡಿಸುವ ಟ್ರಾಲಿಯ ಐಸೊಲೇಷನ್ ಟ್ರಾನ್ಸ್‌ಫಾರ್ಮರಿಂದಲೇ ವಿದ್ಯುತ್ ಕೊಡಿ. ಅದಕ್ಕೂ ಮೊದಲು ಲೋಡ್, ಲೀಕೇಜ್ ಎರಡನ್ನೂ ಬಯೋಮೆಡಿಕಲ್ ಎಂಜಿನಿಯರ್ ಅಳೆಯಲಿ.

ದಿನನಿತ್ಯದ ತಾಪತ್ರಯ ಮಾತ್ರ ಹೆಸರಿನದು. ಹಿಂದಿನವರ ಫೋಲ್ಡರ್ ಮುಚ್ಚದಿದ್ದರೆ ಮುಂದಿನ ರೋಗಿಯ ಚಿತ್ರಗಳು ಅದರಲ್ಲೇ ಬೀಳುತ್ತವೆ, ಬಯಾಪ್ಸಿ ರಿಪೋರ್ಟ್ ಬಂದಾಗಲೇ ಗೊತ್ತಾಗುವುದು! ಹೆಸರು ಟೈಪ್ ಮಾಡಿಸಬೇಡಿ. ಡೈಕಾಮ್ ವರ್ಕ್‌ಲಿಸ್ಟಿನಿಂದ (ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆ ಕಳಿಸುವ ರೋಗಿಗಳ ಪಟ್ಟಿ) ಆರಿಸುವಂತಿರಲಿ, ಅದಿಲ್ಲದಿದ್ದರೆ ಕೈಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿ. ಪ್ರೊಸೆಸರ್ ಮತ್ತು ಕಂಪ್ಯೂಟರಿನ ಗಡಿಯಾರಗಳನ್ನೂ ಹೊಂದಿಸಿಡಿ.