ಟೈಲ್ಸ್ ಅಲ್ಲ, ಮೂಳೆ ನೋಡಿ

ಈಗಷ್ಟೇ ಆಸ್ಪತ್ರೆಯಿಂದ ಬಂದೆ. ಸಿಟ್ಟು ಇಳಿದಿಲ್ಲ.

ನಮ್ಮ ಚಿಕ್ಕಪ್ಪ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನನ್ನ ಮದುವೆಯಲ್ಲಿ ಇಬ್ಬರು ಹೊರುವ ಅನ್ನದ ಕೊಳಗವನ್ನ ಒಬ್ಬರೇ ಎತ್ತಿಕೊಂಡು ಬಂದಿದ್ದರಲ್ಲ, ಅವರೇ. ಈಗ 74. ಭಾನುವಾರ ಬೆಳಗ್ಗೆ ಬಚ್ಚಲಲ್ಲಿ ಕಾಲು ಜಾರಿ ಕೂತರು. ಜೋರಾಗಿ ಬಿದ್ದಿದ್ದೂ ಅಲ್ಲ, ಗೋಡೆ ಹಿಡಿದುಕೊಂಡೇ ಕೂತಿದ್ದು. ಅಷ್ಟಕ್ಕೇ ಸೊಂಟದ ಹತ್ತಿರ ತೊಡೆಮೂಳೆ ಮುರಿದಿದೆ. ನೋಡೋಕೆ ಬಂದವರದ್ದೆಲ್ಲ ಒಂದೇ ಮಾತು, "ಮೊದಲು ಆ ಟೈಲ್ಸ್ ತೆಗೆಸಿ." ಕೂತರೆ ಮುರಿಯುವ ಮೂಳೆಗೆ ಏನಾಗಿತ್ತು ಅಂತ ಒಬ್ಬರೂ ಕೇಳಲಿಲ್ಲ.

ಎರಡು ವರ್ಷದಿಂದ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರಿಗೆ ಮೂರು ತಿಂಗಳಿಗೊಂದು ಇಂಜೆಕ್ಷನ್. ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ಇಳಿಸೋದೇ ಅದರ ಕೆಲಸ. ಇಂಜೆಕ್ಷನ್ ಬೇಕಿತ್ತು, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಆ ಹಾರ್ಮೋನ್ ಇಳಿದರೆ ಮೂಳೆ ತೆಳುವಾಗುತ್ತೆ ಅಂತ ವೈದ್ಯಲೋಕಕ್ಕೆ ಎಷ್ಟೋ ವರ್ಷದಿಂದ ಗೊತ್ತಿದೆ. ಎರಡು ವರ್ಷದಲ್ಲಿ ಒಂದು ಸಲವೂ ಮೂಳೆ ಎಷ್ಟು ಗಟ್ಟಿಯಿದೆ ಅಂತ ಅಳೆಯೋ ಡೆಕ್ಸಾ ಸ್ಕ್ಯಾನ್ ಮಾಡಿಸಿ ಅಂತ ಯಾರೂ ಹೇಳಲಿಲ್ಲ.

ಚಿಕ್ಕಮ್ಮನಿಗೆ ಆ ಸ್ಕ್ಯಾನ್ ಆಗಿದೆ! ಮಹಿಳೆಯರಿಗೆ ಅಂತ ನಡೆದ ಶಿಬಿರದಲ್ಲಿ. ಸ್ಕೂಟರಿನಲ್ಲಿ ಕರಕೊಂಡು ಹೋಗಿದ್ದು ಚಿಕ್ಕಪ್ಪನೇ. ಅವರು ಹೊರಗೆ ಬೇವಿನ ಮರದ ಕೆಳಗೆ, ಚಿಕ್ಕಮ್ಮನ ಚೀಲ ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

ಮೂಳೆ ಸವೆತ ಹೆಂಗಸರ ಕಾಯಿಲೆ ಅನ್ನೋದು ನಮ್ಮ ತಲೇಲಿ ಕೂತುಬಿಟ್ಟಿದೆ. ಆದರೆ ಗಂಡಸಿನ ದೇಹ ಟೆಸ್ಟೋಸ್ಟಿರಾನಿನ ಸ್ವಲ್ಪ ಭಾಗವನ್ನ ನಾವು ಹೆಂಗಸರ ಹಾರ್ಮೋನ್ ಅನ್ನೋ ಈಸ್ಟ್ರೊಜೆನ್ ಮಾಡಿಕೊಳ್ಳುತ್ತೆ, ಅವನ ಮೂಳೆಯನ್ನೂ ಕಾಯೋದು ಬಹುಪಾಲು ಅದೇ. 1994ರಲ್ಲಿ ಅಮೆರಿಕದ ಒಬ್ಬ ಯುವಕನ ಬಗ್ಗೆ ವರದಿ ಬಂತು. ವಯಸ್ಸು 28, ಟೆಸ್ಟೋಸ್ಟಿರಾನ್ ಸರಿಯಾಗೇ ಇದೆ, ಆದರೆ ಹುಟ್ಟಿನಿಂದಲೇ ಈಸ್ಟ್ರೊಜೆನ್ ಅವನ ಮೈಗೆ ಹತ್ತುತ್ತಿರಲಿಲ್ಲ. ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೀತಿದ್ದ, ಮೂಳೆ ಮಾತ್ರ ಟೊಳ್ಳು. ಸೊಂಟದ ಮೂಳೆ ಮುರಿದ ಮೇಲೆ ಒಂದು ವರ್ಷದೊಳಗೆ ಸಾಯೋದು ಹೆಂಗಸರಿಗಿಂತ ಗಂಡಸರೇ ಹೆಚ್ಚು. ಇದು ಗೊತ್ತಿದ್ದೂ ನಿನ್ನೆ ರಾತ್ರಿ ಹೇಗೆ ನಿದ್ದೆ ಬರಬೇಕು ನನಗೆ?

ವಾರ್ಡಿನಲ್ಲೇ ಒಬ್ಬ ನೆಂಟರು, "ವಯಸ್ಸಾದ ಗಂಡಸರೆಲ್ಲ ಆ ಟೆಸ್ಟೋಸ್ಟಿರಾನ್ ಜೆಲ್ ಹಚ್ಚಿಕೊಂಡರೆ ಆಯ್ತಲ್ಲ" ಅಂದರು. ಚಿಕ್ಕಪ್ಪನ ಕ್ಯಾನ್ಸರಿಗೆ ಅದು ಉರಿಯೋ ಒಲೆಗೆ ಸೌದೆ. ಉಳಿದವರಿಗೆ? 2017ರ ಪರೀಕ್ಷೆಯಲ್ಲಿ ಜೆಲ್ ಹಚ್ಚಿದ ವಯಸ್ಸಾದವರ ಮೂಳೆ ಸಾಂದ್ರತೆ ಏರಿತ್ತು, ನಿಜ. ಆದರೆ 2024ರಲ್ಲಿ 5,204 ಗಂಡಸರನ್ನ ಸುಮಾರು ಮೂರು ವರ್ಷ ನೋಡಿದ ಫಲಿತಾಂಶ ಬಂತು. ಎಲ್ಲರಿಗೂ ಟೆಸ್ಟೋಸ್ಟಿರಾನ್ ಕಡಿಮೆಯಿತ್ತು. ಹಾರ್ಮೋನ್ ಜೆಲ್ ಹಚ್ಚಿದವರಲ್ಲಿ ಮೂಳೆ ಮುರಿದದ್ದು 3.5%, ಹಾರ್ಮೋನ್ ಇಲ್ಲದ ಬರೀ ಜೆಲ್ ಹಚ್ಚಿದವರಲ್ಲಿ 2.46%. ಮೂಳೆಗೆ ಮೂಳೆಯದ್ದೇ ಔಷಧಿ ಇದೆ, ಮೊದಲು ಪರೀಕ್ಷೆ ಆಗಬೇಕು ಅಷ್ಟೆ.

ಒಂದು ಮಾತು ಹೇಳಲೇಬೇಕು. ಹಜಾರದ ಗಡಿಯಾರದ ಸೆಲ್ಲನ್ನ ಚಿಕ್ಕಪ್ಪ ನಿಂತಲ್ಲೇ ಕೈ ಎತ್ತಿ ಬದಲಾಯಿಸುತ್ತಿದ್ದರು. ಈ ಯುಗಾದಿಗೆ "ಸ್ಟೂಲ್ ಕೊಡೋ ಮಗಾ, ಬೆನ್ನು ಹಿಡಕೊಂಡಿದೆ" ಅಂದರು. ಬೆನ್ನುಮೂಳೆ ಕುಸಿದರೆ ಆಳು ಗಿಡ್ಡ ಆಗ್ತಾನೆ. ನಾನು ಸ್ಟೂಲ್ ಕೊಟ್ಟೆ, ನೀಲಗಿರಿ ಎಣ್ಣೆ ಉಜ್ಜಿದೆ, ಊರಿಗೆ ಬಸ್ ಹತ್ತಿದೆ.

ನಿಮ್ಮ ಮನೇಲಿ ಯಾರಿಗಾದರೂ ಆ ಇಂಜೆಕ್ಷನ್ ನಡೀತಿದ್ದರೆ, ಮುಂದಿನ ಸಲ ಹೋದಾಗ ಡೆಕ್ಸಾ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ಚಿಕ್ಕಪ್ಪನಿಗೆ ನಾಳೆ ಬೆಳಗ್ಗೆ ಆಪರೇಷನ್. ಸ್ಕ್ಯಾನಿಗೆ ಚೀಟಿ ಇವತ್ತು ಬರೆಸಿಕೊಂಡು ಬಂದೆ.