ಫೋನ್ ಕುಕ್ಕಿದವನೇ ಸಂತೃಪ್ತ ಗ್ರಾಹಕ

ಕಾಲ್ ಸೆಂಟರಿನಲ್ಲಿ ಮನುಷ್ಯರನ್ನು ಎಬ್ಬಿಸಿ ಎಐ ಬಾಟ್ ಕೂರಿಸುವುದು ಬಲು ಸುಲಭ. ಬ್ಯಾಲೆನ್ಸ್ ಎಷ್ಟು, ಪಿನ್ ಮರೆತೆ, ಚೆಕ್ ಬುಕ್ ಯಾವಾಗ ಬರುತ್ತೆ ಎಂಬಂಥ ಸಲೀಸು ಕರೆಗಳನ್ನೆಲ್ಲ ಮೊದಲು ಬಾಟಿಗೆ ಒಪ್ಪಿಸಿ. ಮನುಷ್ಯರ ಪಾಲಿಗೆ ಉಳಿಯುವುದು ತಲೆನೋವಿನವು: ಎಟಿಎಂನಿಂದ ನೋಟು ಬರಲಿಲ್ಲ, ಖಾತೆಯಿಂದ ಮಾತ್ರ ದುಡ್ಡು ಹೋಯಿತು, ಅಪ್ಪ ತೀರಿಕೊಂಡರು, ನಾಮಿನಿ ಹೆಸರೇ ಇಲ್ಲ. ಇಂಥದ್ದೊಂದು ಕರೆ ಇಪ್ಪತ್ತು ನಿಮಿಷ ನುಂಗುತ್ತದೆ. ತಿಂಗಳ ಕೊನೆಗೆ ಸರಾಸರಿ ತೆಗೆದರೆ, ಅಯ್ಯೋ, ನಮ್ಮ ಹುಡುಗರು ಮೊದಲಿಗಿಂತ ನಿಧಾನ! ಇನ್ನೂ ಹತ್ತು ಜನರನ್ನು ಮನೆಗೆ ಕಳಿಸಲು ಬೇರೆ ಪುರಾವೆ ಬೇಕೆ?

ನಿಜವಾದ ಕೈಚಳಕ ಇರುವುದು ‘ಕಂಟೇನ್‌ಮೆಂಟ್ ರೇಟ್’ನಲ್ಲಿ. ಮನುಷ್ಯರ ತನಕ ಹೋಗದೆ ಮುಗಿದ ಕರೆಗಳು ನೂರಕ್ಕೆ ಎಷ್ಟು ಎಂಬ ಲೆಕ್ಕ ಅದು. ಹೇಗೆ ಮುಗಿದವು ಅಂತ ಅದು ಕೇಳುವುದಿಲ್ಲ. "ದುಡ್ಡು ಎರಡು ಸಲ ಕಟ್ ಆಗಿದೆ ಕಣಮ್ಮಾ" ಎಂದರೆ "ಕಾರ್ಡ್ ಬ್ಲಾಕ್ ಮಾಡಲು 2 ಒತ್ತಿ" ಎನ್ನುತ್ತದೆ ಬಾಟ್. ಮೂರನೇ ಸಲವೂ ಅದನ್ನೇ ಕೇಳಿಸಿಕೊಂಡ ಗಿರಾಕಿ ಅದರ ಜನ್ಮ ಜಾಲಾಡಿ ಫೋನ್ ಕುಕ್ಕುತ್ತಾನೆ. ಡ್ಯಾಶ್‌ಬೋರ್ಡಿನಲ್ಲಿ ಹಸಿರು: ಕರೆ ಯಶಸ್ವಿ. ಮರುದಿನ ಅವನೇ ಮತ್ತೆ ಕರೆ ಮಾಡಿ ಮತ್ತೆ ಕುಕ್ಕಿದರೆ ಎರಡನೇ ಯಶಸ್ಸು. (ಒಂದೇ ಗಿರಾಕಿ ವಾರದೊಳಗೆ ಎಷ್ಟು ಸಲ ಕರೆ ಮಾಡಿದ ಎಂಬ ಲೆಕ್ಕವನ್ನೂ ತೆಗೆಯಬಹುದು. ಬಾಸ್ ಮುಂದಿನ ಸ್ಲೈಡಿಗೆ ಅದನ್ನು ಹಾಕುವ ಪೆದ್ದ ಇನ್ನೂ ಹುಟ್ಟಿಲ್ಲ.)

ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕ್, ಬಾಟಿನಿಂದ ವಾರಕ್ಕೆ 2,000 ಕರೆ ಕಡಿಮೆಯಾಯಿತೆಂದು 2025ರ ಜುಲೈನಲ್ಲಿ 45 ಹುದ್ದೆಗೆ ಕತ್ತರಿ ಹಾಕಿತು. ಕರೆ ಹೆಚ್ಚುತ್ತಿದೆ, ಓವರ್‌ಟೈಮ್ ಮಾಡಿಸುತ್ತಿದ್ದೀರಿ, ಟೀಮ್ ಲೀಡರುಗಳೇ ಫೋನ್ ಎತ್ತುತ್ತಿದ್ದಾರೆ ಎಂದು ನೌಕರರ ಸಂಘ ಪಟ್ಟು ಹಿಡಿಯಿತು. ಆಗಸ್ಟಿನಲ್ಲಿ ಬ್ಯಾಂಕ್ ಕ್ಷಮೆ ಕೇಳಿ ನಿರ್ಧಾರ ಹಿಂಪಡೆಯಿತು. ಎಲ್ಲ ಅಂಶಗಳನ್ನು ಸರಿಯಾಗಿ ಪರಿಗಣಿಸಿರಲಿಲ್ಲವಂತೆ. ಬಿಟ್ಟುಹೋದ ಅಂಶ ರಿಂಗಾಗುತ್ತಿದ್ದ ಫೋನೇ ಇರಬೇಕು.

ಏರ್ ಕೆನಡಾದ್ದು ಇನ್ನೂ ಮೇಲಿನ ದರ್ಜೆ. ಅಜ್ಜಿ ತೀರಿಕೊಂಡಾಗ ಟಿಕೆಟ್ ಕೊಂಡವನಿಗೆ ಅದರ ಚಾಟ್‌ಬಾಟ್, ಸಾವಿನ ಸಂದರ್ಭಕ್ಕೆಂದು ಕೊಡುವ ರಿಯಾಯಿತಿಯನ್ನು ಟಿಕೆಟ್ ಕೊಂಡ ಮೇಲೂ 90 ದಿನದೊಳಗೆ ಕೇಳಬಹುದೆಂದು ತಪ್ಪು ಮಾಹಿತಿ ಕೊಟ್ಟಿತ್ತು. ಆ ರಿಯಾಯಿತಿ ಸಿಗದೆ ಅವನು ದೂರು ಕೊಟ್ಟಾಗ, ಚಾಟ್‌ಬಾಟ್ ಪ್ರತ್ಯೇಕ ಕಾನೂನು ವ್ಯಕ್ತಿ, ಅದರ ಮಾತಿಗೆ ಅದೇ ಹೊಣೆ ಎಂಬರ್ಥದ ವಾದ ಮಂಡಿಸಿತು ಕಂಪನಿ. ಅಂದರೆ ಸಂಬಳ, ರಜೆ, ಪಿಎಫ್ ವಿಷಯ ಬಂದಾಗ ಯಂತ್ರ. ಬೈಗುಳ ತಿನ್ನುವಾಗ ಪ್ರಾಪ್ತ ವಯಸ್ಕ. 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಇದನ್ನು ಒಪ್ಪದೆ ಪರಿಹಾರ ಕಟ್ಟಿಸಿತು. ಬಾಟಿನ ಸಂಬಳದಲ್ಲಿ ಹಿಡಿದುಕೊಳ್ಳೋಣವೆಂದರೆ ಅದಕ್ಕೆ ಸಂಬಳವೇ ಗೊತ್ತುಮಾಡಿರಲಿಲ್ಲ.